‘ಪರ್ಮಿಶನ್ ಡಿನೈಡ್’: ಲಿನಕ್ಸ್ ಪ್ರಯೋಗಾಲಯದ ಹಂಚಿಕೆ ಫೋಲ್ಡರ್‌ನಲ್ಲಿ ದೋಷ ಪತ್ತೆ ಮತ್ತು ಒಂದು ಅಭ್ಯಾಸ ಪಾಠ

ಪೀಠಿಕೆ

ಅಭ್ಯಾಸ ಬೋಧನೆಗೆ ಹೊರಡುವ ಮುನ್ನ ಪಾಠಯೋಜನೆ, ಬೋಧನೋಪಕರಣ, ಕಪ್ಪುಹಲಗೆ ಕೆಲಸ ಇವುಗಳ ತಯಾರಿ ನಮಗೆ ಕಾಲೇಜಿನಲ್ಲೇ ಆಗಿರುತ್ತದೆ. ಆದರೆ ಕಂಪ್ಯೂಟರ್ ಪ್ರಯೋಗಾಲಯದ ಅವಧಿ ಸಿಕ್ಕಿದರೆ ಇನ್ನೊಂದು ತಯಾರಿಯೂ ಬೇಕಾಗುತ್ತದೆ. ಯಂತ್ರಗಳು ನಮ್ಮ ಪಾಠಯೋಜನೆಯನ್ನು ಓದಿರುವುದಿಲ್ಲ. ಮಕ್ಕಳು ಬೆಂಚಿನ ಮೇಲೆ ಕೂತು ಕಾಯುತ್ತಿರುವಾಗ ಪರದೆಯ ಮೇಲೆ ‘ಪರ್ಮಿಶನ್ ಡಿನೈಡ್’ ಎಂದು ಬಂದರೆ ನಲವತ್ತು ನಿಮಿಷದ ಅವಧಿ ಕಣ್ಣೆದುರೇ ಕರಗಿ ಹೋಗುತ್ತದೆ.

ನನ್ನ ಅಭ್ಯಾಸ ಬೋಧನೆಯ ಶಾಲೆಯಲ್ಲಿ ಈ ದೋಷವನ್ನು ನಾನು ಮೊದಲು ತಪ್ಪು ರೀತಿಯಲ್ಲಿ ನಿವಾರಿಸಿದೆ. ಅದರಿಂದ ಒಬ್ಬ ವಿದ್ಯಾರ್ಥಿನಿಯ ಎರಡು ಅವಧಿಗಳ ಕೆಲಸ ಹಾಳಾಯಿತು. ನಂತರ ಸರಿಯಾದ ಕ್ರಮವನ್ನು ಕಲಿತು, ಅದೇ ದೋಷವನ್ನು ಒಂಬತ್ತನೇ ತರಗತಿಗೆ ಪಾಠವನ್ನಾಗಿ ಮಾಡಿದೆ. ದೋಷ ಪತ್ತೆಯ ಆ ಕ್ರಮವನ್ನೂ ಪಾಠದ ರೂಪರೇಷೆಯನ್ನೂ ಸಹ ಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಆಜ್ಞೆಗಳನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು.

ಸನ್ನಿವೇಶ

ಶಾಲೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುವ 11 ಕಂಪ್ಯೂಟರ್‌ಗಳಿದ್ದವು, ಎಲ್ಲದರಲ್ಲೂ ಉಬುಂಟು. ತರಗತಿಯಲ್ಲಿ 42 ಮಕ್ಕಳು. ಎರಡು ತಂಡಗಳಾಗಿ ಬರುತ್ತಿದ್ದರು. ಗೋಡೆ ಪತ್ರಿಕೆಗಾಗಿ ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ ಒಂದು ಪುಟ ಟೈಪ್ ಮಾಡಬೇಕಿತ್ತು. ಪೆನ್‌ಡ್ರೈವ್ ಹಿಡಿದು ಹನ್ನೊಂದು ಯಂತ್ರಗಳಿಗೂ ಓಡಾಡುವ ಬದಲು, ಶಿಕ್ಷಕರ ಕಂಪ್ಯೂಟರ್‌ನಲ್ಲಿ ಒಂದು ಫೋಲ್ಡರ್ ಇಟ್ಟು ಅದನ್ನು ನೆಟ್‌ವರ್ಕ್ ಮೂಲಕ ಎಲ್ಲರಿಗೂ ಹಂಚುವುದು ನನ್ನ ಯೋಜನೆ. ಮಕ್ಕಳ ಯಂತ್ರದಲ್ಲಿ ಆ ಫೋಲ್ಡರ್ ಅಲ್ಲೇ ಇರುವಂತೆ ಕಾಣಬೇಕು. ಹೀಗೆ ದೂರದ ಫೋಲ್ಡರನ್ನು ನಮ್ಮ ಯಂತ್ರದ ಒಂದು ಜಾಗಕ್ಕೆ ಜೋಡಿಸುವುದಕ್ಕೆ ‘ಮೌಂಟ್’ ಎನ್ನುತ್ತಾರೆ.

ಹಂಚುವ ಕೆಲಸಕ್ಕೆ ಸಾಂಬಾ ಎಂಬ ತಂತ್ರಾಂಶವನ್ನು ಬಳಸಿದೆ. ವಿಂಡೋಸ್ ಯಂತ್ರಗಳು ಕಡತ ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ಭಾಷೆಯನ್ನು ಲಿನಕ್ಸ್ ಮತ್ತು ಯುನಿಕ್ಸ್ ಯಂತ್ರಗಳಿಗೂ ಬರುವಂತೆ ಮಾಡಿದ ತಂತ್ರಾಂಶ ಇದು. ಎಸ್‌ಎಂಬಿ 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿತು. ಸಾಂಬಾವನ್ನು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1990ರ ದಶಕದ ಆರಂಭದಲ್ಲಿ ಬರೆದರು. ಎಸ್, ಎಂ, ಬಿ ಮೂರೂ ಅಕ್ಷರಗಳು ಕ್ರಮವಾಗಿ ಬರುವ ಪದವನ್ನು ಹುಡುಕಿ ಇಟ್ಟ ಹೆಸರು ಅದು. ಇದನ್ನು ಹೇಳಿದಾಗ ಹಿಂದಿನ ಬೆಂಚಿನಿಂದ “ಸಾಂಬಾರ್‌ಗೆ ಸಂಬಂಧ ಇಲ್ವಾ ಮಿಸ್?” ಎಂಬ ಪ್ರಶ್ನೆ ಬಂತು. ಹೆಸರು ಮಾತ್ರ ಯಾರಿಗೂ ಮರೆಯಲಿಲ್ಲ.

ನಾನು ಮಾಡಿದ ತಪ್ಪು

ಶಿಕ್ಷಕರ ಕಂಪ್ಯೂಟರ್‌ಗೆ ಹೊಸದಾಗಿ ಉಬುಂಟು 22.04 ಹಾಕಲಾಗಿತ್ತು. ‘ಶಿಕ್ಷಕ’ ಎಂಬ ಖಾತೆಯ ಮನೆ ಫೋಲ್ಡರ್‌ನೊಳಗೆ ‘ಕೆಲಸ’ ಎಂಬ ಫೋಲ್ಡರ್ ಮಾಡಿ ಹಂಚಿದೆ. ಎಲ್ಲ ಮಕ್ಕಳಿಗೂ ಸೇರಿ ‘ಮಕ್ಕಳು’ ಎಂಬ ಒಂದೇ ಖಾತೆ. ಪಾಠದ ಹಿಂದಿನ ಸಂಜೆ ಮಕ್ಕಳ ಯಂತ್ರದಿಂದ ಜೋಡಿಸಲು ಹೋದರೆ ಒಂದರ ಹಿಂದೆ ಒಂದು ದೋಷ. ಒಂದನ್ನು ದಾಟಿದರೆ ಇನ್ನೊಂದು. ಕೊನೆಗೆ ಜೋಡಣೆಯೇನೋ ಆಯಿತು, ಆದರೆ ಏನನ್ನೂ ಬರೆಯಲು ಬಿಡಲಿಲ್ಲ. ಪ್ರಯೋಗಾಲಯದ ಬೀಗದ ಕೈ ಹಿಡಿದು ಜವಾನರು ಬಾಗಿಲಲ್ಲಿ ನಿಂತಿದ್ದರು. ನಾನು ಯೋಚಿಸಲಿಲ್ಲ. ಶಿಕ್ಷಕರ ಮನೆ ಫೋಲ್ಡರ್ ಪೂರ್ತಿಗೆ ‘ಸಿಎಚ್‌ಮಾಡ್ 777’ ಕೊಟ್ಟೆ. ಮಕ್ಕಳ ಯಂತ್ರಗಳ ಜೋಡಣೆಯಲ್ಲೂ 0777 ಎಂದೇ ಬರೆದೆ. ಎಲ್ಲ ಸಲೀಸಾಯಿತು. ಮನೆಗೆ ಹೋದೆ.

777 ಎಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಒಳಹೋಗಬಹುದು ಎಂದರ್ಥ. ಎರಡನೇ ವಾರ ಒಬ್ಬ ಹುಡುಗ ತನ್ನ ಬರಹವನ್ನು ‘ಪಾಠ 1’ ಎಂಬ ಹೆಸರಿನಲ್ಲಿ ಉಳಿಸಿದ. ‘ಈ ಹೆಸರಿನ ಕಡತ ಈಗಾಗಲೇ ಇದೆ, ಬದಲಿಸಲೇ?’ ಎಂದು ಯಂತ್ರ ಕೇಳಿತು. ಅವನು ಹೌದು ಎಂದು ಒತ್ತಿದ. ಅದೇ ಹೆಸರಿನಲ್ಲಿ ಇದ್ದದ್ದು ಬೇರೆ ತಂಡದ ಒಬ್ಬ ವಿದ್ಯಾರ್ಥಿನಿಯ ಬರಹ. ತಮ್ಮೂರಿನ ಕೆರೆಯ ಬಗ್ಗೆ ಅವಳು ಒಂದೊಂದೇ ಅಕ್ಷರ ಹುಡುಕುತ್ತಾ ಎರಡು ಅವಧಿ ಕೂತು ಟೈಪ್ ಮಾಡಿದ್ದಳು. ಅವಳು ಬಂದು ತೆರೆದಾಗ ಅಲ್ಲಿ ಯಾವುದೋ ಜಾತ್ರೆಯ ವಿವರಣೆ ಇತ್ತು. ಮೇಲೆ ಬರೆದು ಅಳಿಸಿದ ಕಡತವನ್ನು ಮರಳಿ ತರಲು ದಾರಿ ಇರಲಿಲ್ಲ. ಬೇರೆ ಪ್ರತಿಯನ್ನೂ ನಾನು ಇಟ್ಟಿರಲಿಲ್ಲ. ಅವಳು ಅಳಲಿಲ್ಲ. “ಮತ್ತೆ ಹೊಡೀತೀನಿ ಮಿಸ್, ಆದ್ರೆ ಇದೂ ಹೋಗಲ್ಲ ಅಂತ ಹೇಳಿ” ಅಂದಳು. ಆ ಹೊತ್ತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ಆ ಸಂಜೆ ಮಾರ್ಗದರ್ಶಕ ಶಿಕ್ಷಕರು ಇನ್ನೊಂದು ವಿಷಯವನ್ನು ತೋರಿಸಿದರು. ನಾನು 777 ಕೊಟ್ಟಿದ್ದ ಮನೆ ಫೋಲ್ಡರ್‌ನಲ್ಲೇ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಅಂಕಪಟ್ಟಿಯೂ ಇದ್ದವು. ಆ ಯಂತ್ರದಲ್ಲಿ ಬೇರೆ ಖಾತೆಯಿಂದ ಕೂತವರು ಯಾರೇ ಆದರೂ ಅವನ್ನು ತೆರೆಯಬಹುದಿತ್ತು, ತಿದ್ದಬಹುದಿತ್ತು.

ಪರಿಕಲ್ಪನೆ: ಮೂರು ಬಾಗಿಲುಗಳು

‘ಅನುಮತಿ ಇಲ್ಲ’ ಎಂಬ ಒಂದೇ ವಾಕ್ಯವನ್ನು ಮೂರು ಬೇರೆ ಬೇರೆ ಕಾವಲುಗಾರರು ಹೇಳುತ್ತಾರೆ ಎಂಬುದು ನನಗೆ ತಿಳಿದಿರಲಿಲ್ಲ. ಇಡೀ ಗೊಂದಲದ ಮೂಲ ಅದೇ.

ಮೊದಲ ಬಾಗಿಲು ಗುರುತಿನದು: ನೀನು ಯಾರು? ಹೆಸರು ಮತ್ತು ಪಾಸ್‌ವರ್ಡ್ ಸರಿಯೇ ಎಂದು ಸಾಂಬಾ ನೋಡುತ್ತದೆ.

ಎರಡನೆಯದು ಸರ್ವರ್‌ನ ಒಳಬಾಗಿಲು. ನೀನು ಯಾರೆಂದು ಗೊತ್ತಾಯಿತು, ಈ ಫೋಲ್ಡರ್‌ನಲ್ಲಿ ನಿನಗೇನು ಹಕ್ಕಿದೆ? ಇಲ್ಲಿ ಎರಡು ನಿಯಮಗಳು ಒಟ್ಟಿಗೆ ಅನ್ವಯವಾಗುತ್ತವೆ. ಸಾಂಬಾದ ಸಂರಚನಾ ಕಡತದಲ್ಲಿ ಬರೆದದ್ದು ಒಂದು, ಲಿನಕ್ಸ್ ಫೋಲ್ಡರ್‌ನ ಅನುಮತಿ ಇನ್ನೊಂದು. ಎರಡೂ ಒಪ್ಪಿದರೆ ಮಾತ್ರ ದಾರಿ.

ಮೂರನೆಯದು ಮಕ್ಕಳ ಯಂತ್ರದ ಸ್ವಂತ ಬಾಗಿಲು. ಜೋಡಿಸಿದ ಫೋಲ್ಡರ್‌ನ ಒಡೆಯ ಯಾರು ಎಂದು ಆ ಯಂತ್ರ ತನ್ನಷ್ಟಕ್ಕೆ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. ಸರ್ವರ್ ಒಪ್ಪಿದರೂ ಈ ಲೆಕ್ಕ ಒಪ್ಪದಿದ್ದರೆ ಕೆಲಸ ನಿಲ್ಲುತ್ತದೆ.

777 ಎನ್ನುವುದು ಯಾವ ಬಾಗಿಲು ಮುಚ್ಚಿದೆ ಎಂದು ನೋಡದೆ ಎರಡನೆಯ ಮತ್ತು ಮೂರನೆಯ ಬಾಗಿಲುಗಳನ್ನು ಕಿತ್ತು ಹಾಕುವ ಕೆಲಸ. ಮೊದಲ ಬಾಗಿಲಿಗೆ ಅದರಿಂದ ಏನೂ ಆಗುವುದಿಲ್ಲ.

ದೋಷ ಪತ್ತೆಯ ಕ್ರಮ

ನಾನು ಎದುರಿಸಿದ ಕ್ರಮದಲ್ಲೇ ಇವನ್ನು ಬರೆದಿದ್ದೇನೆ. ಹೊರಗಿನಿಂದ ಒಳಕ್ಕೆ ಒಂದೊಂದೇ ಬಾಗಿಲು ಪರೀಕ್ಷಿಸುವುದು ಮುಖ್ಯ. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ವಿಜ್ಞಾನ ಪ್ರಯೋಗದಲ್ಲಿ ಒಂದೇ ಚರವನ್ನು ಬದಲಿಸುವ ಹಾಗೆ.

ಹಂತ 1: ದೋಷದ ಸಂದೇಶವನ್ನು ಪೂರ್ತಿ ಓದುವುದು. ನನಗೆ ಮೊದಲು ಬಂದದ್ದು ಅನುಮತಿಯ ದೋಷವೇ ಆಗಿರಲಿಲ್ಲ. ‘ಕಡತ ವ್ಯವಸ್ಥೆಯ ಬಗೆ ತಪ್ಪು, ಸಹಾಯಕ ಪ್ರೋಗ್ರಾಂ ಬೇಕಾಗಬಹುದು’ ಎಂಬ ಅರ್ಥದ ಉದ್ದನೆಯ ಸಾಲು ಅದು. ಮಕ್ಕಳ ಯಂತ್ರದಲ್ಲಿ ‘ಸಿಐಎಫ್‌ಎಸ್-ಯುಟಿಲ್ಸ್’ ಎಂಬ ಪ್ಯಾಕೇಜ್ ಇರಲಿಲ್ಲ, ಅಷ್ಟೆ. ಅದನ್ನು ಹಾಕಿದ ಮೇಲೆ ಆ ಸಂದೇಶ ಹೋಯಿತು. ಸಂದೇಶದ ಕೊನೆಯಲ್ಲಿ ಆವರಣದೊಳಗೆ ಬರುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. 13 ಎಂದರೆ ಅನುಮತಿ ನಿರಾಕರಣೆ. 2 ಎಂದರೆ ಹೇಳಿದ ಹೆಸರಿನ ಹಂಚಿಕೆ ಅಥವಾ ಜಾಗ ಸಿಗಲಿಲ್ಲ. 112 ಬಂದರೆ ‘ಆ ಯಂತ್ರ ಆಫ್ ಆಗಿದೆ’ ಎನ್ನುವಂತೆ ತೋರುತ್ತದೆ; ಆದರೆ ಹಳೆಯ ಉಪಕರಣ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಮಾತ್ರ ಬಲ್ಲದ್ದಾಗಿದ್ದರೂ ಅದೇ ಬರಬಹುದು. ಲಿನಕ್ಸ್ ಕರ್ನೆಲ್ 2017ರಿಂದ ಆ ಹಳೆಯ ಆವೃತ್ತಿಯನ್ನು ತಾನಾಗಿ ಬಳಸುವುದನ್ನು ಬಿಟ್ಟಿದೆ. ಅದೇ ವರ್ಷ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ವಿಂಡೋಸ್‌ನ ಆ ಹಳೆಯ ಆವೃತ್ತಿಯಲ್ಲಿದ್ದ ದೋಷದ ಮೂಲಕವೇ ಜಗತ್ತಿನಾದ್ಯಂತ ಹರಡಿತ್ತು. ಆದ್ದರಿಂದ ಹಳೆಯ ಆವೃತ್ತಿಯನ್ನು ಒತ್ತಾಯದಿಂದ ಬಳಸುವ ಸಲಹೆ ಸಿಕ್ಕರೆ ಮೊದಲು ಉಪಕರಣವನ್ನೇ ನವೀಕರಿಸಲು ಸಾಧ್ಯವೇ ನೋಡಬೇಕು.

ಹಂತ 2: ಗುರುತಿನ ಬಾಗಿಲು. ಆಮೇಲೆ ನನಗೆ 13 ಬಂತು. ಕಾರಣ ಸಣ್ಣದು. ಮಾರ್ಗದರ್ಶಕರ ಸೂಚನೆಯಂತೆ ‘ಮಕ್ಕಳು’ ಖಾತೆಯ ಲಾಗಿನ್ ಪಾಸ್‌ವರ್ಡನ್ನು ಬದಲಿಸಿದ್ದೆ. ಸಾಂಬಾ ತನ್ನದೇ ಪ್ರತ್ಯೇಕ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ನಾನು ಮಾಡಿದ ಬದಲಾವಣೆ ಅಲ್ಲಿಗೆ ತಲುಪಿರಲಿಲ್ಲ. ಹೊಸದನ್ನು ‘ಎಸ್‌ಎಂಬಿಪಾಸ್‌ಡಬ್ಲ್ಯುಡಿ’ ಆಜ್ಞೆಯಿಂದ ಬೇರೆಯಾಗಿ ಕೊಡಬೇಕು.

ಇದನ್ನು ಕಂಡುಹಿಡಿಯಲು ಸುಲಭ ಸಾಧನ ‘ಎಸ್‌ಎಂಬಿಕ್ಲೈಂಟ್’. ಇದು ಮೌಂಟ್ ಮಾಡದೆಯೇ ಸರ್ವರ್ ಜೊತೆ ನೇರ ಮಾತಾಡುತ್ತದೆ. ‘ಲಾಗಾನ್ ಫೇಲ್ಯೂರ್’ ಎಂದು ಬಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು, ಮೊದಲ ಬಾಗಿಲಲ್ಲೇ ತಡೆ. ‘ಟ್ರೀ ಕನೆಕ್ಟ್ ಫೇಲ್ಡ್, ಆಕ್ಸೆಸ್ ಡಿನೈಡ್’ ಎಂದು ಬಂದರೆ ಸಾಮಾನ್ಯವಾಗಿ ಮೊದಲ ಬಾಗಿಲು ದಾಟಿ ಎರಡನೆಯದರಲ್ಲಿ ನಿಂತಿದ್ದೇವೆ ಎಂದರ್ಥ. ಮೌಂಟ್ ಆಜ್ಞೆ ಎರಡಕ್ಕೂ 13 ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಒಂದು ಎಚ್ಚರಿಕೆ: ಉಬುಂಟುವಿನ ಸಾಂಬಾ ಸಂರಚನೆಯಲ್ಲಿ, ಪಟ್ಟಿಯಲ್ಲೇ ಇಲ್ಲದ ಹೆಸರಿನಿಂದ ಬಂದವರನ್ನು ‘ಅತಿಥಿ’ ಎಂದು ಒಳಬಿಡುವ ಸಾಲು ಮೊದಲಿನಿಂದಲೇ ಇರುತ್ತದೆ. ಆಗ ಮೊದಲ ಬಾಗಿಲು ದಾಟಿದಂತೆ ಕಂಡು, ಅತಿಥಿಗೆ ಹಕ್ಕಿಲ್ಲದ ಫೋಲ್ಡರ್‌ನಲ್ಲಿ ತಡೆಯಾಗುತ್ತದೆ. ನಾವು ಫೋಲ್ಡರ್‌ನ ಅನುಮತಿಯನ್ನು ತಿದ್ದುತ್ತಾ ಕೂರುತ್ತೇವೆ. ಆದ್ದರಿಂದ ‘ಪಿಡಿಬಿಎಡಿಟ್ -ಎಲ್’ ಕೊಟ್ಟು (ಇಲ್ಲಿ ದೊಡ್ಡ ಎಲ್) ಸಾಂಬಾದ ಪಟ್ಟಿಯಲ್ಲಿ ಹೆಸರು ಇದೆಯೇ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಹಂತ 3: ದಾರಿಯ ಪ್ರತಿ ಫೋಲ್ಡರ್. ಪಾಸ್‌ವರ್ಡ್ ಸರಿಯಾದ ಮೇಲೂ ಅದೇ 13. ಈ ಬಾರಿ ‘ಕೆಲಸ’ ಫೋಲ್ಡರ್‌ನ ಅನುಮತಿ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಅದರ ಹೊರಗಿನ ಫೋಲ್ಡರ್‌ನಲ್ಲಿ. ಉಬುಂಟು 21.04ರಿಂದ ಹೊಸ ಖಾತೆಯ ಮನೆ ಫೋಲ್ಡರನ್ನು 750 ಅನುಮತಿಯೊಂದಿಗೆ ಸೃಷ್ಟಿಸುತ್ತದೆ. ಮೊದಲು 755 ಇತ್ತು. ಕೊನೆಯ ಅಂಕಿ 5ರಿಂದ 0 ಆದ್ದರಿಂದ ಇತರರು ಆ ಫೋಲ್ಡರನ್ನು ಹಾದುಹೋಗುವಂತೆಯೇ ಇಲ್ಲ. ಹಳೆಯ ಪುಸ್ತಕ ನೋಡಿ ಮಾಡಿದ ಹಂಚಿಕೆ ಹೊಸ ಉಬುಂಟುವಿನಲ್ಲಿ ಕೆಲಸ ಮಾಡದಿರಲು ಇದೊಂದು ಸಾಮಾನ್ಯ ಕಾರಣ.

ಇದನ್ನು ಕಾಣಲು ‘ನೇಮ್‌ಐ -ಎಲ್’ ಆಜ್ಞೆಯ ಮುಂದೆ ಫೋಲ್ಡರ್‌ನ ಪೂರ್ಣ ದಾರಿ ಬರೆಯಬೇಕು. ಬೇರಿನಿಂದ ಕೊನೆಯ ಫೋಲ್ಡರ್‌ವರೆಗೆ ಪ್ರತಿಯೊಂದರ ಅನುಮತಿಯನ್ನೂ ಸಾಲಾಗಿ ತೋರಿಸುತ್ತದೆ. ಎಲ್ಲಿ ‘ಎಕ್ಸ್’ ಅಕ್ಷರ ಇಲ್ಲವೋ ಅಲ್ಲಿ ದಾರಿ ಮುಚ್ಚಿದೆ. ಫೋಲ್ಡರ್‌ಗೆ ‘ಎಕ್ಸ್’ ಎಂದರೆ ಒಳಗೆ ಹಾದುಹೋಗುವ ಹಕ್ಕು. ಪರಿಹಾರವೆಂದು ಮನೆ ಫೋಲ್ಡರನ್ನು ತೆರೆದಿಡಬಾರದು. ಹಂಚಿಕೆಗೆಂದೇ ಇರುವ ‘ಎಸ್‌ಆರ್‌ವಿ’ ಫೋಲ್ಡರ್‌ನೊಳಗೆ ‘ಕೆಲಸ’ವನ್ನು ಸ್ಥಳಾಂತರಿಸಬೇಕು. ಪ್ರಶ್ನೆಪತ್ರಿಕೆ ಮನೆಯೊಳಗೆ, ಮಕ್ಕಳ ಕೆಲಸ ಹೊರಗಿನ ಜಗಲಿಯಲ್ಲಿ. ಫೆಡೋರಾದಂಥ ವಿತರಣೆಗಳಲ್ಲಿ ಇದರ ಮೇಲೆ ಎಸ್‌ಇಲಿನಕ್ಸ್ ಎಂಬ ಇನ್ನೊಂದು ಕಾವಲೂ ಇರುತ್ತದೆ. ಅಲ್ಲಿ ಹಂಚಿಕೆ ಫೋಲ್ಡರ್‌ಗೆ ಸಾಂಬಾದ ಗುರುತುಪಟ್ಟಿಯನ್ನೂ ಅಂಟಿಸಬೇಕಾಗುತ್ತದೆ.

ಹಂತ 4: ಓದಬಹುದು, ಬರೆಯಲಾಗದು. ಇಲ್ಲಿ ದೋಷ ಸರ್ವರ್‌ನಲ್ಲಿದೆಯೋ ಮಕ್ಕಳ ಯಂತ್ರದಲ್ಲಿದೆಯೋ ಮೊದಲು ತೀರ್ಮಾನಿಸಬೇಕು. ‘ಎಸ್‌ಎಂಬಿಕ್ಲೈಂಟ್’ ಒಳಗಿನಿಂದ ‘ಪುಟ್’ ಎಂದು ಒಂದು ಸಣ್ಣ ಕಡತವನ್ನು ಕಳಿಸಿ ನೋಡಬೇಕು. ಅದು ಹೋಗದಿದ್ದರೆ ಸರ್ವರ್‌ನ ದೋಷ. ಸಾಂಬಾ ಪ್ರತಿ ಹಂಚಿಕೆಯನ್ನೂ ‘ಓದಲು ಮಾತ್ರ’ ಎಂದೇ ತಿಳಿಯುತ್ತದೆ; ಬರೆಯಲು ಬಿಡಬೇಕಾದರೆ ‘ರೀಡ್ ಓನ್ಲಿ = ನೋ’ ಎಂದು ನಾವೇ ಬರೆಯಬೇಕು. ಬರೆದದ್ದರಲ್ಲಿ ತಪ್ಪಿದೆಯೇ ಎಂದು ‘ಟೆಸ್ಟ್‌ಪಾರ್ಮ್’ ಹೇಳುತ್ತದೆ.

‘ಪುಟ್’ ಯಶಸ್ವಿಯಾಗಿ, ಜೋಡಿಸಿದ ಫೋಲ್ಡರ್‌ನಲ್ಲಿ ಮಾತ್ರ ಬರೆಯಲಾಗದಿದ್ದರೆ ಮೂರನೇ ಬಾಗಿಲಿನ ದೋಷ. ನನ್ನದು ಅದೇ ಆಗಿತ್ತು. ಮೌಂಟ್ ಮಾಡಿದ್ದು ‘ಸುಡೋ’ ಬಳಸಿ. ಒಡೆಯ ಯಾರೆಂದು ಹೇಳದಿದ್ದರೆ ಒಳಗಿನ ಕಡತಗಳೆಲ್ಲ ರೂಟ್‌ನವು ಎಂದು ಯಂತ್ರ ತಿಳಿಯುತ್ತದೆ, ಅನುಮತಿ 755 ಎಂದು ತೋರಿಸುತ್ತದೆ. ವಿದ್ಯಾರ್ಥಿ ಖಾತೆಗೆ ಓದುವ ಭಾಗ್ಯ ಮಾತ್ರ. ಆಗ ಆ ಜಾಗದಲ್ಲಿ ‘ಸಿಎಚ್‌ಮಾಡ್’ ಕೊಟ್ಟರೆ ದೋಷವೂ ಬರುವುದಿಲ್ಲ, ಬದಲಾವಣೆಯೂ ಆಗುವುದಿಲ್ಲ. ನಾನು ಇದೇ ಆಜ್ಞೆಯನ್ನು ನಾಲ್ಕು ಬಾರಿ ಕೊಟ್ಟು ಎಲ್‌ಎಸ್ ನೋಡಿದ್ದು ನೆನಪಿದೆ. ಬದಲಿಸಬೇಕಾದದ್ದು ಮೌಂಟ್‌ನ ಆಯ್ಕೆಗಳನ್ನು. ವಿದ್ಯಾರ್ಥಿ ಖಾತೆಯಲ್ಲಿ ‘ಐಡಿ’ ಎಂಬ ಆಜ್ಞೆ ಕೊಟ್ಟರೆ ಅದರ ಸಂಖ್ಯೆ ಸಿಗುತ್ತದೆ. ನಮ್ಮಲ್ಲಿ 1001 ಇತ್ತು. ಜೋಡಣೆಯನ್ನು ಬಿಡಿಸಿ, ಹೀಗೆ ಮತ್ತೆ ಜೋಡಿಸಬೇಕು:

ಸುಡೋ ಮೌಂಟ್ -ಟಿ ಸಿಐಎಫ್‌ಎಸ್ //192.168.1.10/ಕೆಲಸ /ಎಂಎನ್‌ಟಿ/ಕೆಲಸ -ಓ ಕ್ರೆಡೆನ್ಷಿಯಲ್ಸ್=/ರೂಟ್/ಗುಟ್ಟು,ಯುಐಡಿ=1001,ಜಿಐಡಿ=1001,ಫೈಲ್_ಮೋಡ್=0660,ಡಿಐಆರ್_ಮೋಡ್=0770

‘ಗುಟ್ಟು’ ಎಂಬುದು ಹೆಸರು ಮತ್ತು ಪಾಸ್‌ವರ್ಡ್ ಬರೆದಿಟ್ಟ ಸಣ್ಣ ಕಡತ. ಪಾಸ್‌ವರ್ಡನ್ನು ಆಜ್ಞೆಯಲ್ಲೇ ಬರೆದರೆ ಅದು ಟರ್ಮಿನಲ್‌ನ ಇತಿಹಾಸದಲ್ಲಿ ಉಳಿಯುತ್ತದೆ, ಮೇಲಿನ ಬಾಣದ ಕೀಲಿ ಒತ್ತಿದ ಮಗುವಿಗೂ ಕಾಣುತ್ತದೆ. ಆ ಕಡತದ ಅನುಮತಿ 600 ಇರಲಿ.

ಹಂತ 5: ಎಷ್ಟು ಬೇಕೋ ಅಷ್ಟೇ ತೆರೆಯುವುದು. ಇಷ್ಟಾದರೂ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಲ್ಲರೂ ‘ಮಕ್ಕಳು’ ಎಂಬ ಒಂದೇ ಹೆಸರಿನಲ್ಲಿ ಬಂದರೆ ಸರ್ವರ್‌ಗೆ ಎಲ್ಲರೂ ಒಬ್ಬರೇ. ಯಾರ ಕಡತವನ್ನು ಯಾರಿಂದ ಕಾಪಾಡಬೇಕು ಎಂದು ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಪ್ರತಿ ಯಂತ್ರಕ್ಕೂ ‘ಗಣಕ1’ರಿಂದ ‘ಗಣಕ11’ರವರೆಗೆ ಬೇರೆ ಬೇರೆ ಖಾತೆ ಮಾಡಿದೆ. ಎಲ್ಲರನ್ನೂ ‘ಮಕ್ಕಳು’ ಎಂಬ ಗುಂಪಿಗೆ ಸೇರಿಸಿದೆ. ಫೋಲ್ಡರ್‌ನ ಒಡೆಯ ಶಿಕ್ಷಕ, ಗುಂಪು ‘ಮಕ್ಕಳು’, ಅನುಮತಿ 1770.

ಮುಂದಿನ 1 ಎಂಬ ಅಂಕಿಗೆ ‘ಸ್ಟಿಕಿ ಬಿಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಫೋಲ್ಡರ್‌ನಲ್ಲಿ ಬರೆಯುವ ಹಕ್ಕು ಇದ್ದವರು ಅದರೊಳಗಿನ ಯಾರ ಕಡತವನ್ನಾದರೂ ಅಳಿಸಬಹುದು, ಕಡತ ಅವರದ್ದಾಗಿರಬೇಕಿಲ್ಲ. ಇದು ಅನೇಕರಿಗೆ ಆಶ್ಚರ್ಯದ ಸಂಗತಿ. ಅಳಿಸುವುದು ಎಂದರೆ ಫೋಲ್ಡರ್‌ನ ಪಟ್ಟಿಯಿಂದ ಹೆಸರು ತೆಗೆಯುವುದು, ಅದಕ್ಕೆ ಬೇಕಾದದ್ದು ಫೋಲ್ಡರ್‌ನ ಹಕ್ಕು. ಸ್ಟಿಕಿ ಬಿಟ್ ಇದ್ದರೆ ಕಡತದ ಒಡೆಯ, ಫೋಲ್ಡರ್‌ನ ಒಡೆಯ ಮತ್ತು ರೂಟ್ ಮಾತ್ರ ಅಳಿಸಬಹುದು. ಲಿನಕ್ಸ್‌ನ ‘ಟಿಎಂಪಿ’ ಫೋಲ್ಡರ್‌ಗೆ ಇದೇ ರಕ್ಷಣೆ ಇದೆ. ಇನ್ನು ಸಾಂಬಾ ಹೊಸ ಕಡತಗಳಿಗೆ ಕೊಡುವ ಮೂಲ ಅನುಮತಿಯಲ್ಲಿ ಒಡೆಯನಿಗೆ ಮಾತ್ರ ಬರೆಯುವ ಹಕ್ಕು, ಉಳಿದವರಿಗೆ ಓದುವ ಹಕ್ಕು. ಗೆಳೆಯರ ಬರಹವನ್ನು ನೋಡಬಹುದು, ಮೇಲೆ ಬರೆಯುವಂತಿಲ್ಲ.

ಎನ್‌ಎಫ್‌ಎಸ್ ಬಳಸುವವರಿಗೆ

ಎಲ್ಲ ಯಂತ್ರಗಳೂ ಲಿನಕ್ಸ್ ಆಗಿರುವ ಕಡೆ ಎನ್‌ಎಫ್‌ಎಸ್ ಬಳಸುವುದೂ ಉಂಟು. ಇದನ್ನು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿತು. ಇದರ ಸಾಮಾನ್ಯ ಬಳಕೆಯಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ. ಯಾವ ಯಂತ್ರದಿಂದ ಬಂದಿರಿ, ನಿಮ್ಮ ಬಳಕೆದಾರ ಸಂಖ್ಯೆ ಎಷ್ಟು ಎಂದು ಮಾತ್ರ ನೋಡುತ್ತದೆ. ಆದ್ದರಿಂದ ದೋಷಗಳೂ ಬೇರೆ.

‘ಸರ್ವರ್ ಪ್ರವೇಶ ನಿರಾಕರಿಸಿದೆ’ ಎಂದು ಬಂದರೆ ‘ಎಕ್ಸ್‌ಪೋರ್ಟ್ಸ್’ ಕಡತದಲ್ಲಿ ನಮ್ಮ ಯಂತ್ರದ ವಿಳಾಸ ಇಲ್ಲ, ಅಥವಾ ಬರೆದ ಮೇಲೆ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಕೊಡಲು ಮರೆತಿದ್ದೇವೆ. ಜೋಡಣೆಯಾಗಿಯೂ ಬರೆಯಲಾಗದಿದ್ದರೆ ಎರಡೂ ಯಂತ್ರಗಳಲ್ಲಿ ‘ಐಡಿ’ ಕೊಟ್ಟು ಸಂಖ್ಯೆ ಹೋಲಿಸಬೇಕು. ಇಲ್ಲಿ 1000, ಅಲ್ಲಿ 1001 ಇದ್ದರೆ ಹೆಸರು ಒಂದೇ ಆದರೂ ವ್ಯಕ್ತಿ ಬೇರೆ. ರೂಟ್‌ಗೂ ಅನುಮತಿ ಸಿಗದಿದ್ದರೆ ಗಾಬರಿ ಬೇಡ. ದೂರದಿಂದ ಬಂದ ರೂಟನ್ನು ‘ಯಾರೂ ಅಲ್ಲದವರು’ ಎಂದು ಇಳಿಸುವುದು ಎನ್‌ಎಫ್‌ಎಸ್‌ನ ಸಹಜ ನಿಯಮ. ಅದನ್ನು ತೆಗೆದು ಹಾಕುವ ಆಯ್ಕೆ ಇದೆ. ಶಾಲೆಯಲ್ಲಿ ಅದನ್ನು ಮುಟ್ಟದಿರುವುದೇ ಲೇಸು.

ಒಂದು ಖಾಲಿ ಜಾಗದ ಬೆಲೆಯನ್ನೂ ಇಲ್ಲಿ ಮಕ್ಕಳಿಗೆ ತೋರಿಸಬಹುದು. ಎಕ್ಸ್‌ಪೋರ್ಟ್ಸ್ ಕಡತದಲ್ಲಿ ಯಂತ್ರದ ವಿಳಾಸಕ್ಕೆ ಅಂಟಿಕೊಂಡಂತೆ ಆವರಣದಲ್ಲಿ ಬರೆಯುವ ಹಕ್ಕನ್ನು ಸೂಚಿಸಬೇಕು. ವಿಳಾಸಕ್ಕೂ ಆವರಣಕ್ಕೂ ನಡುವೆ ಒಂದು ಖಾಲಿ ಜಾಗ ಬಿದ್ದರೆ ಅರ್ಥವೇ ತಿರುಗುತ್ತದೆ: ನಮ್ಮ ಯಂತ್ರಕ್ಕೆ ಓದುವ ಹಕ್ಕು ಮಾತ್ರ, ಜಗತ್ತಿನ ಉಳಿದೆಲ್ಲರಿಗೆ ಬರೆಯುವ ಹಕ್ಕು. ಕನ್ನಡದಲ್ಲಿ ಪದ ಒಡೆದು ಬರೆದರೆ ಅರ್ಥ ಕೆಡುವ ಉದಾಹರಣೆಗಳನ್ನು ಭಾಷಾ ಶಿಕ್ಷಕರಿಂದ ಪಡೆದು ಜೊತೆಗಿಡಬಹುದು.

ಪಾಠದ ರೂಪರೇಷೆ

ತರಗತಿ: 9. ಘಟಕ: ಕಡತಗಳ ಅನುಮತಿ. ಅವಧಿ: 40 ನಿಮಿಷ. ಸಾಮಗ್ರಿ: 4, 2, 1 ಎಂದು ಬರೆದ ರಟ್ಟಿನ ಕಾರ್ಡುಗಳು, ಮೂರು ಬಾಗಿಲುಗಳ ಚಿತ್ರಪಟ, ಹಂಚಿಕೆ ಫೋಲ್ಡರ್ ಜೋಡಿಸಿದ ಯಂತ್ರಗಳು.

ಕಲಿಕಾಂಶಗಳು: ಒಡೆಯ, ಗುಂಪು, ಇತರರು ಎಂಬ ವಿಭಾಗವನ್ನು ಗುರುತಿಸುವುದು, ಅನುಮತಿಯ ಮೂರಂಕಿ ಸಂಖ್ಯೆಯನ್ನು ಓದುವುದು, ‘ಅನುಮತಿ ಇಲ್ಲ’ ಎಂದಾಗ ಯಾವ ಬಾಗಿಲಲ್ಲಿ ತಡೆಯಾಗಿದೆ ಎಂದು ಕಾರಣ ಸಹಿತ ಊಹಿಸುವುದು.

ತೊಡಗಿಸಿಕೊಳ್ಳುವಿಕೆ (5 ನಿಮಿಷ): ನಡೆದ ಘಟನೆಯನ್ನು, ತಪ್ಪು ನನ್ನದೆಂದು ಹೇಳಿ, ವಿವರಿಸುವುದು. “ಇಂಥದ್ದು ಮತ್ತೆ ಆಗದಂತೆ ಏನು ಮಾಡಬಹುದು?” ಎಂದು ಕೇಳುವುದು.

ಅನ್ವೇಷಣೆ (10 ನಿಮಿಷ): ಓದುವುದಕ್ಕೆ 4, ಬರೆಯುವುದಕ್ಕೆ 2, ಹಾದುಹೋಗುವುದಕ್ಕೆ 1. ಕಾರ್ಡುಗಳನ್ನು ಕೂಡಿಸಿ ಎಷ್ಟು ಬೇರೆ ಬೇರೆ ಮೊತ್ತ ಬರುತ್ತದೆ ಎಂದು ಗುಂಪುಗಳು ಕಂಡುಕೊಳ್ಳುವುದು. 0ಯಿಂದ 7ರವರೆಗೆ ಎಂಟು ಮೊತ್ತ ಬರುತ್ತದೆ, ಯಾವುದೂ ಎರಡು ರೀತಿಯಲ್ಲಿ ಬರುವುದಿಲ್ಲ. 1, 2, 3 ಎಂದು ಇಟ್ಟಿದ್ದರೆ? 3 ಎಂಬುದು ಒಂದೇ ಕಾರ್ಡೋ, 1 ಮತ್ತು 2ರ ಮೊತ್ತವೋ ಎಂದು ತಿಳಿಯುತ್ತಿರಲಿಲ್ಲ. ಎರಡರ ಘಾತಗಳನ್ನು ಏಕೆ ಆರಿಸಿದ್ದಾರೆ ಎಂಬುದು ಇಲ್ಲಿಂದ ಮಕ್ಕಳಿಗೇ ಹೊಳೆಯುತ್ತದೆ.

ವಿವರಣೆ (10 ನಿಮಿಷ): ಮೂವರು ಮಕ್ಕಳು ಕಾವಲುಗಾರರಾಗಿ ನಿಲ್ಲುವುದು. ಉಳಿದವರು ‘ಗಣಕ3’, ‘ಅತಿಥಿ’, ‘ಶಿಕ್ಷಕ’ ಎಂಬ ಚೀಟಿ ಹಿಡಿದು ಬರುವುದು. ಯಾರು ಎಲ್ಲಿ ನಿಲ್ಲುತ್ತಾರೆ ಎಂದು ತರಗತಿ ಹೇಳುವುದು.

ವಿಸ್ತರಣೆ (10 ನಿಮಿಷ): ಯಂತ್ರದಲ್ಲಿ ‘ಎಲ್‌ಎಸ್ -ಎಲ್’ ಕೊಟ್ಟು ತಮ್ಮ ಕಡತದ ಅನುಮತಿಯನ್ನು ಓದುವುದು, ಬೇರೆ ಯಂತ್ರದವರ ಕಡತವನ್ನು ತೆರೆಯಲು, ತಿದ್ದಲು, ಅಳಿಸಲು ಪ್ರಯತ್ನಿಸಿ ಫಲಿತಾಂಶ ಬರೆಯುವುದು.

ಮೌಲ್ಯಮಾಪನ (5 ನಿಮಿಷ): ಕೊನೆಯಲ್ಲಿ ಕೊಟ್ಟಿರುವ ಪ್ರಶ್ನೆಗಳು.

ತರಗತಿಯಲ್ಲಿ ಕಂಡದ್ದು

ಪಾತ್ರಾಭಿನಯದಲ್ಲಿ ನಾನು ಯೋಚಿಸದಿದ್ದ ಪ್ರಶ್ನೆಯೊಂದು ಬಂತು. “ಮಿಸ್, ರೂಮಿನ ಬೀಗದ ಕೈ ನನ್ ಹತ್ರ ಇದೆ. ಆದ್ರೆ ವರಾಂಡದ ಗೇಟಿಗೇ ಬೀಗ ಹಾಕಿದ್ರೆ?” ಎಂದು ಒಬ್ಬ ಕೇಳಿದ. ಮೂರನೇ ಹಂತದಲ್ಲಿ ನಾನು ಗಂಟೆಗಟ್ಟಲೆ ಒದ್ದಾಡಿದ್ದನ್ನು ಅವನು ಒಂದು ವಾಕ್ಯದಲ್ಲಿ ಹೇಳಿದ್ದ. ಮನೆ ಫೋಲ್ಡರ್‌ನ 750 ಆ ವರಾಂಡದ ಗೇಟೇ ಅಲ್ಲವೇ? ಅವನ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದು ‘ಎಕ್ಸ್’ ಅನುಮತಿಯನ್ನು ವಿವರಿಸಿದೆ. ಮುಂದಿನ ತಂಡಕ್ಕೆ ಚಿತ್ರಪಟದಲ್ಲಿ ವರಾಂಡವನ್ನೂ ಸೇರಿಸಿಕೊಂಡೆ.

ವಿಸ್ತರಣೆಯ ಹಂತದಲ್ಲಿ ಆ ವಿದ್ಯಾರ್ಥಿನಿ ತನ್ನ ಹೊಸ ಕಡತವನ್ನು ಉಳಿಸಿ, ಹಿಂದೆ ಮೇಲೆ ಬರೆದಿದ್ದ ಹುಡುಗನನ್ನೇ ಕರೆದು, “ನಿನ್ ಕಂಪ್ಯೂಟರಿಂದ ಇದನ್ನ ಡಿಲೀಟ್ ಮಾಡು ನೋಡೋಣ” ಎಂದಳು. ಅವನು ಹಿಂಜರಿದ. ಮಾಡು ಎಂದು ನಾನೂ ಹೇಳಿದೆ. ಅವನು ಒತ್ತಿದ ಕೂಡಲೇ ಪರದೆಯ ಮೇಲೆ ‘ಪರ್ಮಿಶನ್ ಡಿನೈಡ್’ ಬಂತು. ಇಡೀ ಪ್ರಯೋಗಾಲಯ ಚಪ್ಪಾಳೆ ಹೊಡೆಯಿತು, ಅವನೂ ಹೊಡೆದ. ಅವಳು ಮೇಲೆ ಬರೆಯಲೂ ಹೇಳಿದಳು, ಅದಕ್ಕೂ ಅದೇ ಉತ್ತರ. ಆಮೇಲೆ ಕೂತು ಕೆರೆಯ ಬಗ್ಗೆ ಮತ್ತೆ ಟೈಪ್ ಮಾಡತೊಡಗಿದಳು.

ಇಲ್ಲಿ ಒಂದು ಸೂಕ್ಷ್ಮವೂ ಮಕ್ಕಳ ಕಣ್ಣಿಗೆ ಬಿತ್ತು. ಅವನ ಯಂತ್ರದಲ್ಲಿ ಎಲ್‌ಎಸ್ ಕೊಟ್ಟರೆ ಆ ಕಡತಕ್ಕೆ ಬರೆಯುವ ಹಕ್ಕು ಇದೆ ಎಂದೇ ತೋರಿಸುತ್ತಿತ್ತು. ಆದರೂ ಬರೆಯಲಾಗಲಿಲ್ಲ. ಅಲ್ಲಿ ಕಾಣುವ 0660 ಮೌಂಟ್ ಮಾಡುವಾಗ ನಾವೇ ಬರೆದ ಮೂರನೇ ಬಾಗಿಲಿನ ಲೆಕ್ಕ. ತಡೆದದ್ದು ಎರಡನೇ ಬಾಗಿಲು. ಕಾಣುವ ಅನುಮತಿಯೂ ನಿಜವಾದ ಅನುಮತಿಯೂ ಬೇರೆಯಾಗಿರಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ಮೌಲ್ಯಮಾಪನ ಪ್ರಶ್ನೆಗಳು

1. 640 ಅನುಮತಿಯ ಕಡತವನ್ನು ಗುಂಪಿನವರು ಏನು ಮಾಡಬಹುದು? ಇತರರು?
2. ಪಾಸ್‌ವರ್ಡ್ ಸರಿಯಿದೆ, ಫೋಲ್ಡರ್‌ನ ಅನುಮತಿಯೂ ಸರಿಯಿದೆ, ಆದರೂ ಪ್ರವೇಶವಿಲ್ಲ. ಇನ್ನೇನನ್ನು ನೋಡುವಿರಿ?
3. ನೇರವಾಗಿ ಕಳಿಸಿದ ಕಡತ ಸರ್ವರ್‌ಗೆ ಹೋಗುತ್ತದೆ, ಜೋಡಿಸಿದ ಫೋಲ್ಡರ್‌ನಲ್ಲಿ ಬರೆಯಲಾಗದು. ತಡೆ ಯಾವ ಬಾಗಿಲಲ್ಲಿದೆ?
4. ತರಗತಿಯ ಎಲ್ಲರಿಗೂ ಒಂದೇ ಖಾತೆ ಕೊಟ್ಟರೆ ಆಗುವ ಅನುಕೂಲ ಯಾವುದು, ಅಪಾಯ ಯಾವುದು?

ಮೊದಲ ಪ್ರಶ್ನೆಗೆ ಹೆಚ್ಚಿನವರು ಸರಿಯಾಗಿ ಉತ್ತರಿಸಿದರು. ಮೂರನೆಯದಕ್ಕೆ ತಡವರಿಸಿದವರೇ ಹೆಚ್ಚು. ಎರಡನೇ ಮತ್ತು ಮೂರನೇ ಬಾಗಿಲಿನ ವ್ಯತ್ಯಾಸಕ್ಕೆ ಇನ್ನೊಂದು ಅವಧಿ ಮೀಸಲಿಡಬೇಕಿತ್ತು.

ಆತ್ಮಾವಲೋಕನ

ಈ ವ್ಯವಸ್ಥೆಗೆ ಮಿತಿ ಇದೆ. ಒಂದೇ ಯಂತ್ರದಲ್ಲಿ ಸರದಿಯ ಮೇಲೆ ಕೂರುವ ಮಕ್ಕಳು ಒಂದೇ ಖಾತೆಯನ್ನು ಹಂಚಿಕೊಳ್ಳುತ್ತಾರೆ. ಅವರ ನಡುವೆ ಯಾವ ರಕ್ಷಣೆಯೂ ಇಲ್ಲ. ಕಡತದ ಹೆಸರಿನ ಮೊದಲಲ್ಲಿ ಹಾಜರಿ ಸಂಖ್ಯೆ ಬರೆಯುವ ಅಭ್ಯಾಸ ಮಾಡಿಸಿದೆ. ಪ್ರತಿ ಅವಧಿಯ ಕೊನೆಯಲ್ಲಿ ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲು ಮಾಡತೊಡಗಿದೆ. ಅನುಮತಿ ಎಷ್ಟೇ ಬಿಗಿಯಾಗಿದ್ದರೂ ಇನ್ನೊಂದು ಪ್ರತಿಗೆ ಅದು ಬದಲಿಯಲ್ಲ. ಮೊದಲ ದಿನವೇ ಈ ನಕಲು ಮಾಡಿದ್ದರೆ ಕೆರೆಯ ಬರಹ ಉಳಿಯುತ್ತಿತ್ತು.

ನನ್ನ ತಪ್ಪನ್ನು ತರಗತಿಯ ಮುಂದೆ ಹೇಳಬೇಕೇ ಎಂದು ಅಳುಕಿತ್ತು. ಮಕ್ಕಳ ಮುಂದೆ ಶಿಕ್ಷಕರು ಹಗುರಾಗಬಾರದು ಎಂದು ನಾವೆಲ್ಲ ಕೇಳಿಕೊಂಡೇ ಬಂದವರು. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಆ ಐದು ನಿಮಿಷದ ಪಕ್ಕದಲ್ಲೇ ಸರಿ ಗುರುತು ಹಾಕಿದ್ದರು. ‘ಚಟುವಟಿಕೆಗಳು ಹೆಚ್ಚಾದವು, ಸಮಯ ಪಾಲನೆಗೆ ಗಮನ ಕೊಡಿ’ ಎಂದೂ ಬರೆದಿದ್ದರು. ಎರಡನ್ನೂ ಒಪ್ಪಿಕೊಂಡಿದ್ದೇನೆ.

ಪ್ರಯೋಗಾಲಯದ ಅವಧಿ ಸಿಗಲಿರುವ ಗೆಳೆಯರಿಗೆ ನಾಲ್ಕು ಮಾತು. ಪಾಠದ ಹಿಂದಿನ ದಿನ ಶಿಕ್ಷಕರ ಖಾತೆಯಿಂದಲ್ಲ, ಮಕ್ಕಳ ಖಾತೆಯಿಂದಲೇ ಕೂತು ಒಂದು ಕಡತ ಬರೆದು, ತಿದ್ದಿ, ಅಳಿಸಿ ನೋಡಿ. ದೋಷದ ಸಂದೇಶವನ್ನು ಅಕ್ಷರಶಃ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಒಂದು ಬಾರಿಗೆ ಒಂದನ್ನೇ ಬದಲಿಸಿ. 777 ಎಂದು ಬೆರಳು ಹೋದಾಗ ನಿಂತು, ಯಾವ ಬಾಗಿಲು ಮುಚ್ಚಿದೆ ಎಂದು ಮೊದಲು ಕೇಳಿಕೊಳ್ಳಿ. ಅಷ್ಟರಲ್ಲಿ ಜವಾನರು ಬೀಗ ಹಾಕಲು ಬಂದರೆ ಮರುದಿನ ಬೆಳಿಗ್ಗೆ ಬೇಗ ಬನ್ನಿ.